ಉದಕಮಂಡಲದ ಮಂಜಿನಲ್ಲಿ

ಚಳಿಗಾಲದಲ್ಲಿ ಉದಕಮಂಡಲಕ್ಕೆ ಹೊರಟವರನ್ನು ಬಂಧುಗಳು ತಡೆಯುವುದು ವಾಡಿಕೆ. ಅದು ಅಕಾರಣವೂ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಹಿಂಗಾರಿನ ಮೋಡಗಳು ಮೂಡಣದಿಂದ ಏರಿಬಂದು ನೀಲಗಿರಿಯನ್ನು ಮುಸುಕುತ್ತವೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮೋಡವು ಆಕಾಶವನ್ನು ಬಿಟ್ಟು ಬೀದಿಗೇ ಇಳಿಯುತ್ತದೆ. ಆದರೂ ಊರನ್ನು ಅರಿಯಬೇಕೆಂಬವರು ಇಂಥ ದಿನಗಳಲ್ಲೇ ನಡೆಯಬೇಕೆಂದು ನಮ್ಮ ಅಭಿಪ್ರಾಯ. ಬಿಸಿಲಿನಲ್ಲಿ ಸರೋವರ, ಹೂದೋಟ, ಗಿರಿಪಂಕ್ತಿಗಳೇ ಕಣ್ಣನ್ನು ಸೆಳೆದುಬಿಡುತ್ತವೆ. ಮಂಜು ಕವಿದಾಗ ಕೈಗೆಟಕುವ ಕಲ್ಲು, ಮರ, ಕಿವಿಗೆ ಬೀಳುವ ಮಾತು, ಇಷ್ಟೇ ಉಳಿಯುತ್ತವೆ.

ಕಳೆದ ಮಾರ್ಗಶಿರದ ಒಂದು ಮುಂಜಾನೆ, ಜಿನುಗುಮಳೆಯಲ್ಲಿ, ನಾವು ರೈಲು ನಿಲ್ದಾಣದಿಂದ ಹೊರಟೆವು. 1908ರಲ್ಲಿ ಇಲ್ಲಿಗೆ ತಲುಪಿದ ಈ ಬೆಟ್ಟದ ರೈಲು 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಮಾರುಕಟ್ಟೆಯ ಬಳಿ ಗೋಣಿಚೀಲವನ್ನೇ ಕೊಪ್ಪೆ ಮಾಡಿ ಹೊದ್ದ ಹಮಾಲರು ಕ್ಯಾರೆಟ್ಟಿನ ಮೂಟೆಗಳನ್ನು ಇಳಿಸುತ್ತಿದ್ದರು. ಬಿಳಿಯ ಬಟ್ಟೆಯುಟ್ಟ ಬಡಗ ಅಜ್ಜಿಯರಿಬ್ಬರು ಅಂಗಡಿಯ ಸೂರಿನಡಿ ನಿಂತು ತಮ್ಮ ಹಟ್ಟಿಯ ವಿಚಾರವನ್ನೂ, ಬರಲಿರುವ ಹೆತ್ತೆಯಮ್ಮನ ಹಬ್ಬದ ವಿಚಾರವನ್ನೂ ಆಡಿಕೊಳ್ಳುತ್ತಿದ್ದರು. ಬಡಗರ ನುಡಿ ಅವರದೇ ನುಡಿ; ಆದರೆ ಹಟ್ಟಿ, ಹಬ್ಬ ಎಂಬ ಮಾತುಗಳು ಕಿವಿಗೆ ಬಿದ್ದಾಗ ಯಾವ ಕನ್ನಡಿಗನಿಗೆ ತಾನೇ ದಾರಿ ತಪ್ಪಿತೆನಿಸೀತು? ಬಡಗರೆಂದರೆ ಬಡಗಣ ದಿಕ್ಕಿನವರು, ಅಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರು.

ಚೇರಿಂಗ್ ಕ್ರಾಸಿನಲ್ಲಿ, 1881ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಮದರಾಸಿನ ಗವರ್ನರ್ ಆಡಮ್ಮನ ನೆನಪಿನ ಕಾರಂಜಿಯಿದೆ. ಅದನ್ನು ದಾಟಿ ಮೇಲೇರುವಷ್ಟರಲ್ಲಿ ಮಳೆ ಬಿರುಸಾಯಿತು. ನಾವು ಸೇಂಟ್ ಸ್ಟೀಫನ್ಸ್ ಚರ್ಚಿನ ಒಳಗೆ ಆಶ್ರಯ ಪಡೆದೆವು.

ಈ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿತ್ತು. ಇದರ ದೊಡ್ಡ ತೊಲೆಯೂ ಮರಮುಟ್ಟೂ ಬಂದದ್ದು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ. 1799ರಲ್ಲಿ ಟಿಪ್ಪು ಮಡಿದನು. ನೀಲಗಿರಿಯೂ ಕಂಪನಿಯ ವಶವಾಯಿತು. ಮೂವತ್ತು ವರ್ಷಗಳ ಬಳಿಕ ಆ ಅರಮನೆಯ ಮರ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ, ಘಾಟಿ ಏರಿ, ಗೆದ್ದವರ ದೇವರ ಮನೆಗೆ ಆಧಾರವಾಯಿತು. ಹೊರಗಿನ ಸ್ಮಶಾನದಲ್ಲಿ ಈ ಊರನ್ನು ಬೆಳೆಸಿದ ಕಲೆಕ್ಟರ್ ಜಾನ್ ಸಲಿವನ್ನನ ಮಡದಿಯೂ ಮಗಳೂ ಮಲಗಿದ್ದಾರೆ. ಸೋತವನ ಅರಮನೆಯ ತೊಲೆ ಒಳಗೆ ಬೆಚ್ಚಗಿದೆ. ಗೆದ್ದವರ ಕಡೆಯ ಹೆಣ್ಣುಮಕ್ಕಳು ಹೊರಗೆ ಮಳೆಯಲ್ಲಿದ್ದಾರೆ. ಕಾಲವು ಯಾರ ಪಕ್ಷವನ್ನೂ ವಹಿಸುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಸಲಿವನ್ನನು 1822ರಲ್ಲಿ ಕಟ್ಟಲು ತೊಡಗಿದ ಸ್ಟೋನ್ ಹೌಸ್ ಇಲ್ಲಿನ ಮೊದಲ ಬಂಗಲೆ. ಸುತ್ತಲಿನ ಜನ ಅದನ್ನು ಕರೆದದ್ದು ‘ಕಲ್ ಬಂಗಲೆ’ ಎಂದು. ಫಲಕದಲ್ಲಿ ಇಂಗ್ಲಿಷು, ಬಾಯಿಯಲ್ಲಿ ನಮಗೆ ತಿಳಿಯುವ ಮಾತು!

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೀಲಗಿರಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅದರ ಬಗ್ಗೆ ಇಂದು ದೂರುವುದು ನಮ್ಮ ಉದ್ದೇಶವಲ್ಲ. ನೆರೆಯವರ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅನ್ನ ಕೊಡುವ ನೆಲದ ನುಡಿ ಅದು. ಆದರೆ ಗಡಿಯಾಚೆಯ ಕನ್ನಡವೂ ಆ ತೊಲೆಯಂತೆಯೇ ಅಲ್ಲವೇ? ಅದರ ಮೇಲೆ ಹೆಸರಿನ ಫಲಕವಿಲ್ಲ, ಹೊರಗಿನವರಿಗೆ ಅದು ಕಾಣುವುದೂ ಇಲ್ಲ. ಮನೆ ಮಾತ್ರ ಅದರ ಮೇಲೆಯೇ ನಿಂತಿದೆ. ಗಟ್ಟಿ ಮರವೆಂದು ನಂಬಿ ಗೆದ್ದಲನ್ನು ನೋಡದಿದ್ದರೆ ಒಂದು ದಿನ ಸೂರೇ ಕುಸಿದೀತು. ಅಜ್ಜಿಯ ಮಾತಿಗೆ ಮೊಮ್ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಡುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿರುವುದನ್ನು ಓದುಗರು ಬಲ್ಲರು.

ಆದ್ದರಿಂದ ನಮ್ಮದೊಂದು ಬಿನ್ನಹ. ಊಟಿಗೆ ಹೋದಾಗ ಮಕ್ಕಳಿಗೆ ದೋಣಿವಿಹಾರದೊಡನೆ ಈ ತೊಲೆಯನ್ನೂ ತೋರಿಸಿರಿ. ಸೊಲ್ಲಾಪುರದವರು ಕೆರೆಯ ನಡುವಿನ ಸಿದ್ಧೇಶ್ವರನ ಗುಡಿಗೆ ಕರೆದೊಯ್ದು ವಚನಕಾರ ಸಿದ್ಧರಾಮನ ಕಥೆ ಹೇಳಬಹುದು; ಕಾಸರಗೋಡಿನವರು ಬೇಕಲದ ಕೋಟೆಯ ಮೇಲೆ ನಿಂತು ಕೆಳದಿಯ ನಾಯಕರನ್ನು ನೆನೆಯಬಹುದು. ಮಳೆಯೆಂದು ಹಿಂಜರಿಯಬೇಡಿ. ಒಂದೇ ಕೊಡೆಯ ಕೆಳಗೆ ಕೈಹಿಡಿದು ನಡೆಯುವಾಗ ಮಗು ನಿಮ್ಮ ಮಾತನ್ನು ಕೇಳದೆ ಎಲ್ಲಿಗೆ ಹೋದೀತು!