ಅರಿಯದೆ ಚಿಕಿತ್ಸೆಗಿಳಿದವನ ಹೊಣೆ

ಪಿಯುಸಿ ಫಲಿತಾಂಶ ಬಂದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅನೇಕ ಮನೆಗಳಲ್ಲಿ ಒಂದೇ ಲೆಕ್ಕಾಚಾರ ಆರಂಭವಾಗುತ್ತದೆ. ವೈದ್ಯಕೀಯ ಸೀಟು ಕೈಗೆಟುಕದು. ಎಕ್ಸ್‌ರೇ, ಸ್ಕ್ಯಾನಿಂಗ್ ಕಲಿತರೆ ಬೇಗನೆ ಉದ್ಯೋಗ ಸಿಗುತ್ತದೆ, ಬಳಿಕ ಕೊಲ್ಲಿಗೆ ಹೋಗಬಹುದು. ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಪ್ರಮಾಣಪತ್ರ ಕೈಗಿಡುವ ಸಂಸ್ಥೆಗಳು ಬಂಡವಾಳ ಮಾಡಿಕೊಂಡಿರುವುದು ಈ ಆಸೆಯನ್ನೇ.

ಆದರೆ ಕಾನೂನು ಬದಲಾಗಿದೆ. ಪ್ಯಾರಾಮೆಡಿಕಲ್ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಆಯೋಗ ಕಾಯ್ದೆಯ ಪ್ರಕಾರ, ತಂತ್ರಜ್ಞನ ಡಿಪ್ಲೊಮಾ ಅಥವಾ ಪದವಿಯು ಕನಿಷ್ಠ ಎರಡು ವರ್ಷಗಳದ್ದೂ 2,000 ಗಂಟೆಗಳದ್ದೂ ಆಗಿರಬೇಕು. 2025ರ ಏಪ್ರಿಲ್‌ನಲ್ಲಿ ಹತ್ತು ವೃತ್ತಿಗಳ ಏಕರೂಪ ಪಠ್ಯಕ್ರಮ ಬಿಡುಗಡೆಯಾಯಿತು. ರೇಡಿಯಾಲಜಿ ಮತ್ತು ರೇಡಿಯೋಥೆರಪಿ ತಂತ್ರಜ್ಞಾನಗಳೂ ಅದರಲ್ಲಿವೆ. ವಿದ್ಯಾರ್ಥಿ ಏನನ್ನು ಓದಿದ್ದಾನೆ ಎಂಬುದಷ್ಟೇ ಸಾಲದು, ಏನನ್ನು ಮಾಡಬಲ್ಲ ಎಂಬುದೂ ಮುಖ್ಯ ಎಂಬುದು ಅದರ ತಿರುಳು.

ಇದು ಬಡವರ ಮಕ್ಕಳಿಗೆ ಬಾಗಿಲು ಮುಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಎಕ್ಸ್‌ರೇ ಕೊಠಡಿಯ ಹೊರಗೆ ಚೀಟಿ ಹಿಡಿದು ಕಾಯುವವರೂ ಹೆಚ್ಚಾಗಿ ಬಡವರೇ ಅಲ್ಲವೇ? ಈ ಕಿರಣ ಕಣ್ಣಿಗೆ ಕಾಣಿಸುವುದಿಲ್ಲ, ನೋವು ಕೊಡುವುದಿಲ್ಲ. ಆದ್ದರಿಂದಲೇ ತಪ್ಪು ನಡೆದರೂ ರೋಗಿಗೆ ತಿಳಿಯುವುದಿಲ್ಲ. ಎದೆಯ ಸಿಟಿ ಸ್ಕ್ಯಾನ್‌ನ ವಿಕಿರಣವು ಸಾಧಾರಣ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚು. ಮಗುವಿಗೆ ಪ್ರಮಾಣ ತಗ್ಗಿಸುವುದು, ಮಹಿಳೆಯೊಡನೆ ಗರ್ಭಿಣಿಯೇ ಎಂದು ಮೊದಲೇ ವಿಚಾರಿಸುವುದು, ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವ ಪ್ರಮೇಯ ಬಾರದಂತೆ ನೋಡಿಕೊಳ್ಳುವುದು, ಇವೆಲ್ಲ ಗುಂಡಿ ಒತ್ತುವುದನ್ನು ಮಾತ್ರ ಕಲಿತವನಿಂದ ಆಗುವ ಕೆಲಸವಲ್ಲ.

ವೈದ್ಯವನ್ನರಿಯದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಬೂದಾವೂದ್‌ನಲ್ಲಿರುವ ಈ ಬೋಧನೆ ವೈದ್ಯನಿಗೆ ಮಾತ್ರವಲ್ಲ, ರೋಗಿಯ ದೇಹವನ್ನು ನಂಬಿಕೆಯಿಂದ ಪಡೆದ ಪ್ರತಿಯೊಬ್ಬನಿಗೂ ಅನ್ವಯಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಅರ್ಹತೆ ಇಲ್ಲಿ ಕೇವಲ ಉದ್ಯೋಗದ ದಾರಿಯಲ್ಲ, ಧಾರ್ಮಿಕ ಹೊಣೆಗಾರಿಕೆಯೂ ಹೌದು.

ಲೌಕಿಕ ಲಾಭದ ದೃಷ್ಟಿಯಿಂದಲೂ ಅಡ್ಡದಾರಿ ಫಲ ಕೊಡದು. ಸೌದಿ, ದುಬೈಗಳ ಆರೋಗ್ಯ ಪ್ರಾಧಿಕಾರಗಳು ಪ್ರಮಾಣಪತ್ರವನ್ನು ಅದನ್ನು ನೀಡಿದ ಸಂಸ್ಥೆಯಲ್ಲೇ ವಿಚಾರಿಸಿ ಪರಿಶೀಲಿಸುತ್ತವೆ, ಪರೀಕ್ಷೆಯನ್ನೂ ನಡೆಸುತ್ತವೆ. ಚಿನ್ನ ಅಡವಿಟ್ಟು ಶುಲ್ಕ ಕಟ್ಟಿದ ತಂದೆಗೆ ಆಗ ಉಳಿಯುವುದು ಸಾಲ ಮಾತ್ರ.

ಆದ್ದರಿಂದ ಹೆತ್ತವರು ಪ್ರವೇಶಕ್ಕೆ ಮುನ್ನ ಮೂರು ಪ್ರಶ್ನೆ ಕೇಳಲಿ: ಕೋರ್ಸಿನ ಅವಧಿ ಎಷ್ಟು? ಮಾನ್ಯತೆ ಕೊಟ್ಟವರು ಯಾರು? ತರಬೇತಿ ಯಾವ ಆಸ್ಪತ್ರೆಯಲ್ಲಿ? ಜಮಾಅತ್‌ಗಳು ಸನ್ಮಾನ ಸಮಾರಂಭಗಳ ವೆಚ್ಚದ ಒಂದು ಪಾಲನ್ನು ವಿದ್ಯಾರ್ಥಿವೇತನಕ್ಕೆ ತಿರುಗಿಸಲಿ. ವಿಶೇಷವಾಗಿ ಹೆಣ್ಣುಮಕ್ಕಳನ್ನು ಪ್ರೋತ್ಸಾಹಿಸಲಿ. ಪರೀಕ್ಷೆಯ ಕೊಠಡಿಯಲ್ಲಿ ಮಹಿಳೆಯೇ ಇರಲಿ ಎಂದು ಬಯಸುವ ನಾವು ಆಕೆಯನ್ನು ಸಿದ್ಧಗೊಳಿಸುವ ಹೊಣೆಯನ್ನೂ ಹೊರಬೇಡವೇ? ಸರಕಾರವಾದರೋ ಮಾನದಂಡವನ್ನು ಏರಿಸಿದಷ್ಟಕ್ಕೆ ಕೈತೊಳೆದುಕೊಳ್ಳದೆ, ಬಡ ವಿದ್ಯಾರ್ಥಿ ಅದನ್ನು ಏರಲು ಮೆಟ್ಟಿಲನ್ನೂ ಕಟ್ಟಿಕೊಡಬೇಕು.