ದೂರು ಮತ್ತು ದುಡಿಮೆ



ಬೀದಿಯ ದೀಪವು ಆರಿದರೆ ಅದು ಯಾವ ಪಕ್ಷದವರ ತಪ್ಪೆಂದು ನಮ್ಮಲ್ಲಿ ಗಂಟೆಗಟ್ಟಲೆ ವಾದವು ನಡೆಯುವದು. ಪುರಸಭೆಗೆ ಒಂದು ಅರ್ಜಿಯನ್ನು ಬರೆಯುವವರು ವಿರಳ. ಅಮೇರಿಕೆಯಂಥ ದೊಡ್ಡ ದೇಶದಲ್ಲಿಯೂ ಎರಡು ಪಕ್ಷಗಳು ಪರಸ್ಪರರನ್ನು ದೂರುವದರಲ್ಲಿಯೇ ಬಹುಕಾಲವನ್ನು ಕಳೆಯುತ್ತಿರುವವು.

ಆದರೆ ಅದೇ ದೇಶದಿಂದ ಇನ್ನೊಂದು ಪಾಠವೂ ಉಂಟು. ಲಾಭವಿಲ್ಲವೆಂದು ವಿದ್ಯುತ್ ಕಂಪನಿಗಳು ಹಳ್ಳಿಗಳನ್ನು ಕತ್ತಲೆಯಲ್ಲಿ ಬಿಟ್ಟಾಗ, ಅಲ್ಲಿಯ ರೈತರು 1935ರ ತರುವಾಯ ಸರಕಾರದ ಸಾಲವನ್ನು ಪಡೆದು, ಸಹಕಾರಿ ಸಂಘಗಳನ್ನು ಕಟ್ಟಿ, ತಾವೇ ತಂತಿಯನ್ನೆಳೆದರು. ಆ ಮಾದರಿಯನ್ನನುಸರಿಸಿ 1969ರಲ್ಲಿ ನಮ್ಮ ಹುಕ್ಕೇರಿ ತಾಲೂಕಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹುಟ್ಟಿತು. ಭಾರತದಲ್ಲಿ ಮೊದಲು ಪ್ರಯೋಗಾರ್ಥವಾಗಿ ಸ್ಥಾಪಿತವಾದ ಐದು ಸಂಘಗಳಲ್ಲಿ ಇದೂ ಒಂದು. ಇಂಥ ಸಂಘದಲ್ಲಿ ಸದಸ್ಯರೇ ಒಡೆಯರು. ಸಭೆಯಲ್ಲಿ ಎದ್ದು ಲೆಕ್ಕ ಕೇಳುವ ಹಕ್ಕೂ ಹೊಣೆಯೂ ಅವರವು.

ಅನ್ಯಾಯವನ್ನು ಕಂಡು ಸುಮ್ಮನಿರಬೇಕೆಂದು ನಾವು ಹೇಳುವದಿಲ್ಲ. ಪಕ್ಷವನ್ನು ನೋಡಿ ಎತ್ತಿದ ದೂರು ಅಧಿಕಾರವು ಕೈ ಬದಲಿಸಿದೊಡನೆ ಮೂಕವಾಗುವದು. ಕೆಲಸವನ್ನು ನೋಡಿ ಎತ್ತಿದ ದೂರು ಕೆಲಸವು ತೀರುವ ವರೆಗೂ ಬಿಡದು.

ನಮ್ಮ ರಾಜ್ಯದ ಪಂಚಾಯತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವವು. ನಮ್ಮಲ್ಲಿ ಕಲಿತವಳು ಆ ಸ್ಥಾನದಲ್ಲಿ ಹೆಸರಿಗೆ ಕುಳಿತು, ಮಾತನ್ನು ಅವಳ ಗಂಡನು ಆಡುವದಾದರೆ ನಾವು ಕಲಿಸಿದ್ದು ವ್ಯರ್ಥವೇ ಸರಿ. ಪಾಲಕರೇ, ಗ್ರಾಮಸಭೆಗೆ ಹೋಗುವಾಗ ಮಗಳನ್ನೂ ಕರೆದೊಯ್ಯಿರಿ.

ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನವರು ಗೋಡೆ ಬಿದ್ದುದಕ್ಕೆ ಗೋಳಿಡುತ್ತ ಕೂಡ್ರಲಿಲ್ಲ. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದರು. ತನ್ನ ಮನೆಯೆದುರಿನ ಗೋಡೆ ಯಾವದೆಂದು ಪ್ರತಿಯೊಬ್ಬಳೂ ಗುರುತಿಸಲಿ; ದೇವರು ಆ ಕೈಗಳನ್ನು ಬಲಪಡಿಸಲಿ.