ಕೋಳಿಗೂ ರೇಟಿದೆ, ಮಗುವಿನ ಕಾವಲಿಗೆ ಕಾಸಿಲ್ಲ



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ನೆರೆ ಬಂದಾಗ, ಗುಡ್ಡ ಕುಸಿದಾಗ ಸರ್ಕಾರ ಪರಿಹಾರ ಕೊಡೋದಕ್ಕೆ ಒಂದು ದರಪಟ್ಟಿ ಇದೆ. ರಾಜ್ಯ ವಿಪತ್ತು ಪರಿಹಾರ ನಿಧಿ, ಅಂದ್ರೆ ಎಸ್‌ಡಿಆರ್‌ಎಫ್‌ನ ಪಟ್ಟಿ. 2022-23ರಿಂದ 2025-26ರವರೆಗಿನ ಪಟ್ಟಿ ತೆಗೆದು ನೋಡಿ. ಮನುಷ್ಯನ ಜೀವ ಹೋದರೆ 4 ಲಕ್ಷ ರೂಪಾಯಿ. ಹಾಲು ಕೊಡೋ ಎಮ್ಮೆ, ಆಕಳು ಸತ್ತರೆ 37,500. ಕುರಿ, ಮೇಕೆಗೆ 4,000. ಕೋಳಿಗೆ 100. ಗುಡಿಸಲು ಹೋದರೆ 8,000. ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ 2,500.

ಎಮ್ಮೆಗೆ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಬಡವರ ಮನೆಯ ಎಮ್ಮೆ ಅಂದ್ರೆ ಆ ಮನೆಯ ಊಟ. ಇನ್ನೂ ಜಾಸ್ತಿನೇ ಕೊಡಲಿ. ನನ್ನ ಪ್ರಶ್ನೆ ಬೇರೆ. ಕಾಳಜಿ ಕೇಂದ್ರದಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳೋಕೆ ಅಂತಾನೇ ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಇರಬೇಕಲ್ಲ, ಅವಳ ಸಂಬಳದ ಸಾಲು ಈ ಪಟ್ಟಿಯಲ್ಲಿ ಎಲ್ಲಿದೆ?

ಇಲ್ಲ.

ಬಾಲನ್ಯಾಯ ಕಾಯ್ದೆ 2015ರಲ್ಲಿ ಸ್ಪಷ್ಟವಾಗಿ ಬರೆದಿದೆ: ನೈಸರ್ಗಿಕ ವಿಕೋಪಕ್ಕೆ ಸಿಕ್ಕ ಮಗು 'ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು'. ವಿಪತ್ತು ನಿರ್ವಹಣಾ ಕಾಯ್ದೆ 2005ರ 12ನೇ ಕಲಮು, ವಿಧವೆಯರು ಮತ್ತು ಅನಾಥರಿಗೆ ವಿಶೇಷ ವ್ಯವಸ್ಥೆ ಇರಬೇಕು ಅನ್ನುತ್ತೆ. ಕಾನೂನಿನಲ್ಲಿ ಮಗು ಇದೆ. ದುಡ್ಡಿನ ಪಟ್ಟಿಗೆ ಬಂದಾಗ ಆ ಮಗುವಿನ ರಕ್ಷಣೆ ಕಾಣೆಯಾಗುತ್ತೆ.

ಕೆಲವರು ಕೇಳ್ತಾರೆ, "ಊಟ, ಬಟ್ಟೆ ಕೊಟ್ಟರಲ್ಲ, ಇನ್ನೇನು ರಕ್ಷಣೆ?" ಅಂತ. ನೆರೆಯ ನೀರು ಹದಿನೈದು ದಿನದಲ್ಲಿ ಇಳಿಯುತ್ತೆ. ಕೇರಿಯ ಮಕ್ಕಳಿಗೆ ನಿಜವಾದ ಗಂಡಾಂತರ ಶುರುವಾಗೋದು ಆಮೇಲೆ. ಹೊಲದಲ್ಲಿ ಕೂಲಿ ಇಲ್ಲ, ಮನೆಯಲ್ಲಿ ಕಾಳಿಲ್ಲ. ಆಗ ಮುಂಗಡ ಹಿಡ್ಕೊಂಡು ಮೇಸ್ತ್ರಿ ಬರ್ತಾನೆ, ಕುಟುಂಬ ಸಮೇತ ಕಬ್ಬು ಕಡಿಯೋಕೆ, ಇಟ್ಟಿಗೆ ಭಟ್ಟಿಗೆ ಹೊರಡ್ತದೆ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ, ಮಗು ಕಬ್ಬಿನ ಗದ್ದೆಯಲ್ಲಿ. ಹದಿನಾಲ್ಕು ವರ್ಷದ ಹುಡುಗಿಗೆ "ಜವಾಬ್ದಾರಿ ಕಳ್ಕೊಂಡ್ರೆ ಸಾಕು" ಅಂತ ಮದುವೆ. ಇನ್ನು ಕೇಂದ್ರದಲ್ಲಿ ಇದ್ದಷ್ಟು ದಿನ, ಒಂದೇ ಹಾಲ್‌ನಲ್ಲಿ ನೂರಾರು ಜನ, ಕತ್ತಲಲ್ಲಿ ಶೌಚಾಲಯಕ್ಕೆ ಹೋಗೋ ಹೆಣ್ಣುಮಕ್ಕಳು. ಯಾರ ಮಗು ಯಾರ ಜೊತೆ ಹೋಯ್ತು ಅಂತ ಬರೆದುಕೊಳ್ಳೋರು ಇಲ್ಲ.

ಇದನ್ನೆಲ್ಲ ತಡೆಯೋದು ಬ್ರೆಡ್ಡು, ಹೊದಿಕೆ ಅಲ್ಲ. ಒಬ್ಬ ಮನುಷ್ಯ ತಡೀಬೇಕು. ಮಕ್ಕಳ ಪಟ್ಟಿ ಮಾಡಬೇಕು, ಶಾಲೆ ಶುರುವಾದ ಮೇಲೆ ಮನೆಮನೆಗೆ ಹೋಗಿ ಎಣಿಸಬೇಕು, ಮದುವೆ ಸುದ್ದಿ ಬಂದ್ರೆ 1098ಕ್ಕೆ ಫೋನ್ ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು, ಆರು ತಿಂಗಳು, ವರ್ಷ ಬೆನ್ನು ಹತ್ತಬೇಕು. ಈ ಕೆಲಸದ ಖರ್ಚು ಅಂದ್ರೆ ಹೆಚ್ಚೂಕಡಿಮೆ ಪೂರ್ತಿ ಸಂಬಳ ಮತ್ತು ಬಸ್ ಚಾರ್ಜು. ಇದರಲ್ಲಿ ಫೋಟೋ ಬರಲ್ಲ. ಅದಕ್ಕೇ ದಾನಿಗಳಿಗೆ ಇದು ಹಿಡಿಸಲ್ಲ.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದಾಗ ನಾಡಿನ ಜನ ರೊಟ್ಟಿ ಕಟ್ಟಿ ಕಳಿಸಿದರು. ಆ ಪ್ರೀತಿ ದೊಡ್ಡದು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ರೊಟ್ಟಿಯ ಲಾರಿ ವಾಪಸ್ ಹೋದ ಮೇಲೆ ಆ ಮಕ್ಕಳ ಜೊತೆ ಯಾರಿದ್ದರು ಅಂತ ನಾವು ಕೇಳಬೇಕಿತ್ತು.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. 2019ರಲ್ಲಿ ಸೇವ್ ದ ಚಿಲ್ಡ್ರನ್ ಮತ್ತಿತರ ಸಂಸ್ಥೆಗಳು ಲೆಕ್ಕ ಹಾಕಿದಾಗ, ಜಗತ್ತಿನ ಒಟ್ಟು ತುರ್ತು ನೆರವಿನಲ್ಲಿ ಮಕ್ಕಳ ರಕ್ಷಣೆಗೆ ಹೋಗ್ತಿದ್ದದ್ದು ಶೇಕಡಾ 0.5ರಷ್ಟು. ನೂರು ರೂಪಾಯಲ್ಲಿ ಎಂಟಾಣೆ. 2025ರಲ್ಲಿ ಅಮೆರಿಕ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಇಂಥ ಕಡಿತ ಬಂದಾಗ ಮೊದಲು ಕತ್ತರಿ ಬೀಳೋದು ಕಣ್ಣಿಗೆ ಕಾಣದ ಕೆಲಸಕ್ಕೆ.

ಈಗ ಜಾತಿ ವಿಷಯಕ್ಕೆ ಬರೋಣ. "ಪ್ರವಾಹಕ್ಕೆ ಜಾತಿ ಇದೆಯಾ?" ಅಂತ ಕಾಮೆಂಟ್ ಹಾಕೋರು ಈಗಾಗಲೇ ಟೈಪ್ ಮಾಡ್ತಿರ್ತಾರೆ. ನೀರಿಗೆ ಇಲ್ಲ, ಜಾಗಕ್ಕೆ ಇದೆ. ಕೇರಿ ಯಾಕೆ ಹಳ್ಳದ ದಂಡೆಯಲ್ಲಿ, ತಗ್ಗಿನಲ್ಲಿ ಇದೆ? ಅಲ್ಲಿಗೆ ತಳ್ಳಿದವರು ಯಾರು? 2004ರ ಸುನಾಮಿ ಆದ ಮೇಲೆ ನಾಗಪಟ್ಟಣಂ ಕಡೆ ದಲಿತರನ್ನ ಪರಿಹಾರ ಶಿಬಿರದಿಂದ ದೂರ ಇಟ್ಟದ್ದು, ಕುಡಿಯೋ ನೀರಿಗೂ ತಡೆ ಹಾಕಿದ್ದು ವರದಿಗಳಲ್ಲಿ ದಾಖಲಾಗಿದೆ. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಕೆರೆ ನೀರು ಮುಟ್ಟಿ 77 ವರ್ಷ ಆದ ಮೇಲಿನ ಕಥೆ ಇದು. ವಿಪತ್ತು ಕಾಯ್ದೆಯ 61ನೇ ಕಲಮು, ಪರಿಹಾರದಲ್ಲಿ ಜಾತಿ ತಾರತಮ್ಯ ಮಾಡಬಾರದು ಅಂತ ಹೇಳುತ್ತೆ. ಎಷ್ಟು ಕಾಳಜಿ ಕೇಂದ್ರದ ಗೋಡೆ ಮೇಲೆ ಇದನ್ನ ಬರೆದು ಹಚ್ಚಿದ್ದಾರೆ, ನೀವೇ ಹೋಗಿ ನೋಡಿ.

ಕೊರೊನಾ ಕಾಲ ನೆನಪಿಸಿಕೊಳ್ಳಿ. ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ಅಂದರು, ನಮ್ಮ ರಾಜ್ಯದ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500. ಒಳ್ಳೇದೇ. ಆದರೆ ಅವು ಅನಾಥರಾದ ಮಕ್ಕಳಿಗೆ. ಅಪ್ಪ ಒಬ್ಬನೇ ದುಡೀತಿದ್ದ ಕೂಲಿ ಮನೆಯಲ್ಲಿ ಅಪ್ಪ ಹೋದ, ಅವ್ವ ಉಳಿದಳು ಅಂದ್ರೆ ಆ ಮಗು ಲೆಕ್ಕದಿಂದ ಹೊರಗೆ. ಮಿಷನ್ ವಾತ್ಸಲ್ಯದಲ್ಲಿ ಅಂಥ ಮಕ್ಕಳಿಗೂ ತಿಂಗಳಿಗೆ 4,000 ಪ್ರಾಯೋಜಕತ್ವ ಸಿಗೋ ದಾರಿ ಇದೆ. ಆದರೆ ಅರ್ಜಿ ಬರೆಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಓಡಾಡೋರು ಬೇಕು. ಮತ್ತೆ ಅದೇ ಮಾತು: ಮನುಷ್ಯ ಬೇಕು, ಮನುಷ್ಯನಿಗೆ ಸಂಬಳ ಬೇಕು.

ಆ ಕೆಲಸ ಮಾಡ್ತಿದ್ದ ಊರಮಟ್ಟದ ಸಣ್ಣ ಸಂಘಗಳ ಕಥೆ ಏನಾಯ್ತು? 2020ರ ಎಫ್‌ಸಿಆರ್‌ಎ ತಿದ್ದುಪಡಿ ಬಂದ ಮೇಲೆ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನ ಸಣ್ಣ ಸಂಘಕ್ಕೆ ಕೊಡೋ ಹಾಗಿಲ್ಲ. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳೀತು. ಬೆಂಗಳೂರು, ದೆಹಲಿಯಲ್ಲಿ ಆಫೀಸು ಇರೋರು ಹೇಗೋ ಬದುಕ್ತಾರೆ. ಕೇರಿಯಲ್ಲಿ ಹುಟ್ಟಿದ ಮಹಿಳಾ ಸಂಘಕ್ಕೆ ಬಾಗಿಲು ಮುಚ್ಚಿತು.

"ಎನ್‌ಜಿಒಗಳು ದುಡ್ಡು ತಿಂತಾರೆ" ಅನ್ನೋ ಮಾತೂ ಇದೆ. ತಿನ್ನೋರು ಇದ್ದಾರೆ, ಇಲ್ಲ ಅನ್ನಲ್ಲ. ಗ್ರಾಮಸಭೆಯಲ್ಲಿ ಲೆಕ್ಕ ಓದಿಸಿ, ಸಾಮಾಜಿಕ ಪರಿಶೋಧನೆ ಮಾಡಿಸಿ. ಕಳ್ಳರಿದ್ದಾರೆ ಅಂತ ಮಗುವಿನ ಕಾವಲನ್ನೇ ತೆಗೆಯೋದು ಯಾವ ನ್ಯಾಯ?

ನಮ್ಮ ಬೇಡಿಕೆ ಇಷ್ಟೇ:

1. ಎಸ್‌ಡಿಆರ್‌ಎಫ್ ದರಪಟ್ಟಿಯಲ್ಲಿ ಮಕ್ಕಳ ರಕ್ಷಣೆಗೆ ಪ್ರತ್ಯೇಕ ಸಾಲು ಬೇಕು. ಪ್ರತಿ ಕಾಳಜಿ ಕೇಂದ್ರಕ್ಕೆ ತರಬೇತಿ ಪಡೆದ ಕಾರ್ಯಕರ್ತೆ, ಕೇಂದ್ರ ಮುಚ್ಚಿದ ಮೇಲೂ ಕನಿಷ್ಠ ಒಂದು ವರ್ಷ.

2. ಆ ಕೆಲಸಕ್ಕೆ ಅದೇ ಊರಿನ ದಲಿತ, ಆದಿವಾಸಿ, ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳನ್ನ ತಗೊಳ್ಳಿ. ಯಾವ ಮನೆಗೆ ಮೇಸ್ತ್ರಿ ಬಂದು ಹೋದ ಅನ್ನೋದು ಮೊದಲು ಗೊತ್ತಾಗೋದು ಅವರಿಗೇ.

3. ಇದಕ್ಕೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣಕ್ಕೆ ಕೈ ಹಾಕಬೇಡಿ. 7ಡಿ ಕಲಮು ತೆಗೆಸೋಕೆ ಎಷ್ಟು ವರ್ಷ ಬೀದಿಗೆ ಇಳಿದೆವು ಅನ್ನೋದು ನೆನಪಿರಲಿ. ವಿಪತ್ತಿನ ಹಣ ವಿಪತ್ತು ನಿಧಿಯಿಂದಲೇ ಬರಬೇಕು.

4. ದಾನ ಕೊಡೋ ಕಂಪನಿಗಳು, ಹೊರದೇಶದಲ್ಲಿರೋ ನಮ್ಮ ಬಂಧುಗಳು: ಮುಂದಿನ ಸಲ ಕಿಟ್ ಜೊತೆ ಒಬ್ಬಳ ಒಂದು ವರ್ಷದ ಸಂಬಳಾನೂ ಕಾನೂನು ಪ್ರಕಾರ ಕೊಡಿ.

ಪರಿಹಾರ ಅನ್ನೋದು ಯಾರ ಭಿಕ್ಷೆಯೂ ಅಲ್ಲ, ಸಂವಿಧಾನ ಕೊಟ್ಟ ಹಕ್ಕು. ಹಳೇ ಪಟ್ಟಿಯ ಅವಧಿ 2025-26ರವರೆಗೆ ಮಾತ್ರ. ಹೊಸ ಪಟ್ಟಿಯಲ್ಲಿ ಈ ಒಂದು ಸಾಲು ಸೇರಿಸಿ ಅಂತ ನಿಮ್ಮ ಶಾಸಕರನ್ನ, ಸಂಸದರನ್ನ ಕೇಳಿ. ಉತ್ತರ ಬಂದ್ರೆ ಕೆಳಗೆ ಹಾಕಿ, ಬರದಿದ್ರೂ ಹಾಕಿ.

ಜೈ ಭೀಮ್. ಜೈ ಸಂವಿಧಾನ.